ಬೆನ್ನಿಗೆ ಸೂಜಿ ಹಾಕಿದ ಮೇಲೆ ಬರುವ ತಲೆನೋವಿಗೆ ನರದ ಬ್ಲಾಕ್: ಹಂತ ಹಂತವಾಗಿ

"ಹಿಂದಲೆಗೆ ಬ್ಲಾಕ್ ಕೊಟ್ಟೆ, ಏನೂ ಪ್ರಯೋಜನ ಆಗಲಿಲ್ಲ." ಅರಿವಳಿಕೆ ಕಲಿಯುತ್ತಿರುವ ವೈದ್ಯರಿಂದ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ಬ್ಲಾಕ್ ಎಂದರೆ ನರದ ಸುತ್ತ ಮರಗಟ್ಟಿಸುವ ಔಷಧಿ ಹಾಕುವುದು. ಒಂದೊಂದಾಗಿ ವಿಚಾರಿಸುತ್ತ ಹೋದರೆ ಗೊತ್ತಾಗುತ್ತದೆ: ಬ್ಲಾಕ್‌ಗೆ ಮೊದಲು ರೋಗಿಯನ್ನು ಎಬ್ಬಿಸಿ ಕೂರಿಸಿ ನೋವು ಅಳೆದಿರುವುದಿಲ್ಲ. ಕೊಟ್ಟ ಮೇಲೆ ನೆತ್ತಿಯ ಹಿಂಭಾಗ ಜೋಮು ಹಿಡಿಯಿತೇ ಎಂದು ಮುಟ್ಟಿ ನೋಡಿರುವುದಿಲ್ಲ. ಇಲ್ಲವೇ, ಸಂಜೆವರೆಗೆ ಆರಾಮಾಗಿದ್ದ ರೋಗಿಗೆ ರಾತ್ರಿ ನೋವು ಮರುಕಳಿಸಿದ್ದನ್ನೇ "ಫೇಲ್" ಎಂದು ಕೇಸ್ ಶೀಟಿನಲ್ಲಿ ಬರೆದಿರುತ್ತಾರೆ. ಸೂಜಿ ಹಿಡಿಯಲು ಬಾರದೆ ಕೆಟ್ಟ ಬ್ಲಾಕ್‌ಗಳಿಗಿಂತ ಕ್ರಮ ತಪ್ಪಿ ಕೆಟ್ಟವೇ ಹೆಚ್ಚು.

ಒಂದು ಮಾತನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಬ್ಲಾಕ್ ನೋವನ್ನು ತಗ್ಗಿಸುತ್ತದೆ, ಬೆನ್ನಿನಲ್ಲಿ ಆಗಿರುವ ತೂತನ್ನು ಮುಚ್ಚುವುದಿಲ್ಲ. ತೂತು ತಾನಾಗಿ ಕೂಡಿಕೊಳ್ಳುವವರೆಗೆ ರೋಗಿ ಎದ್ದು ಓಡಾಡುವಂತೆ, ಮಗುವಿಗೆ ಹಾಲು ಕೊಡುವಂತೆ ಮಾಡುವುದಷ್ಟೇ ಅದರ ಕೆಲಸ. ಅದಕ್ಕಿಂತ ಹೆಚ್ಚು ನಿರೀಕ್ಷಿಸಿದರೆ ನಿಮಗೂ ರೋಗಿಗೂ ನಿರಾಸೆ.

ಇದು ತರಬೇತಿಯಲ್ಲಿರುವ ವೈದ್ಯರಿಗೆ ಮತ್ತು ಅವರ ಜೊತೆ ನಿಲ್ಲುವ ನರ್ಸ್‌ಗಳಿಗೆ ಬರೆದದ್ದು. ಮೊದಲ ಕೆಲವು ಬ್ಲಾಕ್‌ಗಳನ್ನು ಅನುಭವಸ್ಥರು ಪಕ್ಕದಲ್ಲಿರುವಾಗಲೇ ಮಾಡಿ. ರೋಗಿಯ ಕಡೆಯವರು ಓದುತ್ತಿದ್ದರೆ ಹಂತ 2 ಮತ್ತು ಹಂತ 9 ನಿಮಗೂ ಬೇಕಾದವು.

## ಹಂತ 1: ಮಲಗಿಸಿ ನೋಡಿ, ಕೂರಿಸಿ ನೋಡಿ

ಸ್ಪೈನಲ್ ಅರಿವಳಿಕೆ, ಲಂಬಾರ್ ಪಂಕ್ಚರ್ (ಪರೀಕ್ಷೆಗೆಂದು ಬೆನ್ನಿನಿಂದ ದ್ರವ ತೆಗೆಯುವುದು), ಅಥವಾ ಎಪಿಡ್ಯೂರಲ್ (ಪೊರೆಯ ಹೊರಗಷ್ಟೇ ಔಷಧಿ ಹಾಕುವ ವಿಧಾನ) ಹಾಕುವಾಗ ಕೈತಪ್ಪಿ ಆದ ತೂತು, ಯಾವುದೇ ಇರಲಿ, ಬೆನ್ನುಹುರಿಯ ಹೊರಪೊರೆಯಾದ ಡ್ಯೂರಾದಿಂದ ದ್ರವ ಸೋರುತ್ತಿರುತ್ತದೆ. ಮಿದುಳು, ಬೆನ್ನುಹುರಿಯ ಸುತ್ತ ಇರುವ ಈ ಸಿಎಸ್‌ಎಫ್ ದ್ರವ ವಯಸ್ಕರಲ್ಲಿ ಇರುವುದೇ ಸುಮಾರು 150 ಮಿ.ಲೀ. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಉತ್ಪತ್ತಿಯಾದರೂ ಸೋರಿಕೆ ಅದನ್ನು ಮೀರಿದಾಗ ಒತ್ತಡ ಇಳಿಯುತ್ತದೆ. ಎದ್ದು ನಿಂತರೆ ಮಿದುಳು ತುಸು ಕೆಳಕ್ಕೆ ಜಗ್ಗಿ, ನೋವು ಗ್ರಹಿಸುವ ಪೊರೆ ಮತ್ತು ರಕ್ತನಾಳಗಳು ಎಳೆದಂತಾಗುತ್ತವೆ. ಕಡಿಮೆಯಾದ ದ್ರವದ ಜಾಗ ತುಂಬಲು ತಲೆಯೊಳಗಿನ ರಕ್ತನಾಳಗಳು ಹಿಗ್ಗುತ್ತವೆ. ನೋವಿಗೆ ಇವೆರಡೂ ಕಾರಣ.

ಹೆಚ್ಚಿನವರಲ್ಲಿ ನೋವು ಮೊದಲ ಮೂರು ದಿನದೊಳಗೆ ಶುರುವಾಗುತ್ತದೆ. ಅಂತರರಾಷ್ಟ್ರೀಯ ತಲೆನೋವು ವರ್ಗೀಕರಣ ಐದು ದಿನದ ಮಿತಿ ಕೊಡುತ್ತದೆ. ಹಣೆಯಲ್ಲಿ, ಹಿಂದಲೆಯಲ್ಲಿ, ಕೆಲವೊಮ್ಮೆ ಭುಜದವರೆಗೆ ನೋವಿರುತ್ತದೆ. ಕತ್ತು ಬಿಗಿದಿರುತ್ತದೆ. ಕಿವಿ ಗುಂಯ್‌ಗುಡುತ್ತದೆ ಅಥವಾ ಮಂದವಾಗುತ್ತದೆ. ವಾಕರಿಕೆ ಬರುತ್ತದೆ, ಬೆಳಕು ಚುಚ್ಚುತ್ತದೆ.

ಈಗ ಮಾಡಬೇಕಾದ ಪರೀಕ್ಷೆ. ರೋಗಿಯನ್ನು ದಿಂಬಿಲ್ಲದೆ ಹತ್ತು ನಿಮಿಷ ಮಲಗಿಸಿ, ಸೊನ್ನೆಯಿಂದ ಹತ್ತರೊಳಗೆ ನೋವಿಗೆ ಅಂಕ ಕೇಳಿ. ಆಮೇಲೆ ಕೂರಿಸಿ, ಕೈಗಡಿಯಾರ ನೋಡುತ್ತ ಕಾಯಿರಿ, ಮತ್ತೆ ಕೇಳಿ. ಎಷ್ಟು ಹೊತ್ತಿಗೆ ನೋವು ಏರಿತು ಎಂಬುದನ್ನೂ ಬರೆದುಕೊಳ್ಳಿ. "ಮಲಗಿದಾಗ 1, ಕೂತು ಮೂರು ನಿಮಿಷಕ್ಕೆ 8" ಎಂಬ ಒಂದು ಸಾಲು ಮುಂದೆ ನಿಮ್ಮ ಬ್ಲಾಕ್ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುವ ಏಕೈಕ ಅಳತೆಗೋಲು. "ತಲೆನೋವು ಇದೆ" ಎಂದಷ್ಟೇ ಬರೆದಿದ್ದರೆ ನಾಳೆ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ.

ಯಾವ ಸೂಜಿ ಬಳಸಿದ್ದರು ಎಂಬುದನ್ನು ಅರಿವಳಿಕೆ ಚಾರ್ಟಿನಿಂದ ಹುಡುಕಿ ಬರೆದಿಡಿ. ಗೇಜ್ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳು. 25 ಅಥವಾ 27 ಗೇಜಿನ ಪೆನ್ಸಿಲ್ ಮೊನೆಯ ಸೂಜಿಯ ತೂತೇ ಬೇರೆ, 16–18 ಗೇಜಿನ ಎಪಿಡ್ಯೂರಲ್ ಸೂಜಿ ಮಾಡಿದ ತೂತೇ ಬೇರೆ. ಎರಡನೆಯದಾದರೆ ಬ್ಲಾಕ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

## ಹಂತ 2: ಬ್ಲಾಕ್ ಕೊಡಬಾರದ ತಲೆನೋವನ್ನು ಬೇರ್ಪಡಿಸಿ

ಈ ಹಂತವನ್ನು ಅವಸರದಲ್ಲಿ ದಾಟುವವರೇ ಹೆಚ್ಚು, ನಿಜವಾದ ಅನಾಹುತ ಆಗುವುದೂ ಇಲ್ಲೇ. ಬೆನ್ನಿಗೆ ಸೂಜಿ ಬಿದ್ದವರಿಗೆ ಬರುವ ಎಲ್ಲ ತಲೆನೋವೂ ಸೂಜಿಯದಲ್ಲ.

ಹೆರಿಗೆಯಾದವರಾದರೆ ಮೊದಲು ಬಿಪಿ ನೋಡಿ. 140/90 ಅಥವಾ ಅದಕ್ಕಿಂತ ಮೇಲಿದ್ದರೆ ಪ್ರಿಎಕ್ಲಾಂಪ್ಸಿಯಾ (ಬಸುರಿ, ಬಾಣಂತಿಯರಲ್ಲಿ ಬಿಪಿ ಏರುವ ಅಪಾಯಕಾರಿ ಕಾಯಿಲೆ) ಯೋಚನೆ ಮೊದಲು ಬರಬೇಕು. ಗರ್ಭಾವಸ್ಥೆಯಲ್ಲಿ ಬಿಪಿ ಸರಿಯಿದ್ದರೂ ಹೆರಿಗೆಯ ನಂತರದ ವಾರಗಳಲ್ಲಿ ಅದು ಹೊಸದಾಗಿ ಕಾಣಿಸಿಕೊಳ್ಳಬಹುದು. ಜ್ವರವಿದ್ದು ಕತ್ತು ಬಗ್ಗದಿದ್ದರೆ ಮೆನಿಂಜೈಟಿಸ್, ಅಂದರೆ ಮಿದುಳು ಪೊರೆಯ ಸೋಂಕು, ಇರಬಹುದು. ಫಿಟ್ಸ್, ಕೈಕಾಲಿನಲ್ಲಿ ಬಲ ಕಡಿಮೆಯಾಗುವುದು, ಮಾತು ತೊದಲುವುದು, ದೃಷ್ಟಿ ಮಂಜಾಗುವುದು, ಮಂಪರು, ಇವುಗಳಲ್ಲಿ ಯಾವುದಿದ್ದರೂ ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರಬಹುದು, ರಕ್ತಸ್ರಾವವಾಗಿರಬಹುದು. ಸಿಡಿಲು ಬಡಿದಂತೆ ಕ್ಷಣದಲ್ಲಿ ತಾರಕಕ್ಕೇರಿದ ನೋವು ಮಿದುಳಿನ ಸುತ್ತಲಿನ ಸಬ್‌ಅರಾಕ್ನಾಯ್ಡ್ ರಕ್ತಸ್ರಾವದ್ದಿರಬಹುದು. ಸ್ಕ್ಯಾನ್ ಆಗುವವರೆಗೆ ಸೂಜಿಯನ್ನು ಟ್ರೇಯಲ್ಲೇ ಬಿಡಿ.

ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುವ ಸೂಚನೆ ಒಂದಿದೆ. ಮೊದಲೆರಡು ದಿನ ಎದ್ದಾಗ ಮಾತ್ರ ಇದ್ದ ನೋವು, ಆಮೇಲೆ ಮಲಗಿದರೂ ಬಿಡದಂತಾಗುವುದು. ಮಿದುಳು ಕೆಳಕ್ಕೆ ಜಗ್ಗಿದಾಗ ಪೊರೆಯ ಕೆಳಗಿನ ಸಣ್ಣ ಅಭಿಧಮನಿಗಳು ಹರಿದು ಸಬ್‌ಡ್ಯೂರಲ್ ಹೆಪ್ಪು ಕಟ್ಟಬಹುದು. "ಮಲಗಿದರೆ ಈಗಲೂ ಕಡಿಮೆಯಾಗುತ್ತದೆಯೇ?" ಎಂಬ ಪ್ರಶ್ನೆಯನ್ನು ಪ್ರತಿದಿನ ಕೇಳಲೇಬೇಕು.

ಇನ್ನೊಂದು ತಪ್ಪು ಕಲ್ಪನೆಯನ್ನು ಇಲ್ಲೇ ಬಿಡಿಸಿಬಿಡೋಣ. ಬ್ಲಾಕ್ ಕೊಟ್ಟ ಮೇಲೆ ನೋವು ಇಳಿಯಿತು, ಹಾಗಾಗಿ ರೋಗನಿರ್ಣಯ ಸರಿ ಎಂದು ತೀರ್ಮಾನಿಸುವಂತಿಲ್ಲ. ಹಿಂದಲೆಯ ಬ್ಲಾಕ್ ಮೈಗ್ರೇನ್‌ನಲ್ಲೂ ನೋವು ತಗ್ಗಿಸುತ್ತದೆ, ಗಂಭೀರ ಕಾಯಿಲೆಯ ನೋವನ್ನೂ ಕೆಲವು ಗಂಟೆ ಮರೆಮಾಚಬಲ್ಲದು.

## ಹಂತ 3: ಮೊದಲು ಮಾತ್ರೆಗಳ ಸರದಿ

ಪ್ಯಾರಸಿಟಮಾಲ್ ಮತ್ತು ಐಬುಪ್ರೊಫೆನ್‌ನಂಥ ನೋವುಮಾತ್ರೆಗಳನ್ನು, ಅಡ್ಡಿಯಿಲ್ಲದಿದ್ದರೆ, ಹೊತ್ತಿಗೆ ಸರಿಯಾಗಿ ಕೊಡಿ. "ನೋವು ಬಂದಾಗ ಕೇಳಿ, ಕೊಡುತ್ತೇವೆ" ಎಂಬ ಪದ್ಧತಿಯಲ್ಲಿ ಮಾತ್ರೆ ಯಾವತ್ತೂ ನೋವಿನ ಹಿಂದೆಯೇ ಓಡುತ್ತಿರುತ್ತದೆ. ಕೆಫೀನನ್ನು ಮೊದಲ 24 ಗಂಟೆ ಕೊಟ್ಟು ನೋಡಬಹುದು. ದಿನದ ಗರಿಷ್ಠ 900 ಮಿ.ಗ್ರಾಂ., ಹಾಲೂಡಿಸುವವರಿಗೆ 200ರಿಂದ 300 ಮಿ.ಗ್ರಾಂ. ಮಾತ್ರ. ಕಾಫಿ, ಟೀಯಲ್ಲಿರುವುದೂ ಈ ಲೆಕ್ಕಕ್ಕೇ ಸೇರುತ್ತದೆ.

ನೀರು ಸಾಕಷ್ಟು ಕುಡಿದರೆ ಸಾಕು, ಮಿತಿಮೀರಿ ಕುಡಿಸಿದರೆ ದ್ರವ ಬೇಗ ತುಂಬುವುದಿಲ್ಲ. ಹಾಸಿಗೆ ಬಿಟ್ಟು ಏಳಲೇಬಾರದು ಎಂಬ ಕಟ್ಟುಪಾಡಿನಿಂದಲೂ ತೂತು ಬೇಗ ಕೂಡುವುದಿಲ್ಲ. ಅದರಲ್ಲೂ ಬಾಣಂತಿಯರಲ್ಲಿ ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಕೈಯಾರೆ ತಂದುಕೊಂಡಂತೆ. ನೋವು ಬಿಟ್ಟಷ್ಟು ಓಡಾಡಲಿ.

ಇಷ್ಟಾದರೂ ಕೂತು ಊಟ ಮಾಡಲು, ಶೌಚಾಲಯಕ್ಕೆ ಹೋಗಿಬರಲು, ಮಗುವನ್ನು ಎತ್ತಿಕೊಳ್ಳಲು ಆಗುತ್ತಿಲ್ಲ ಎಂದಾದರೆ ಬ್ಲಾಕ್ ಮಾತು ತೆಗೆಯಿರಿ.

## ಹಂತ 4: ಯಾವ ಬ್ಲಾಕ್, ಯಾರಿಗೆ

ಎರಡು ಬ್ಲಾಕ್‌ಗಳ ಹೆಸರು ಕೇಳಿಬರುತ್ತದೆ. ಒಂದು, ತಲೆಯ ಹಿಂಭಾಗದ ಗ್ರೇಟರ್ ಆಕ್ಸಿಪಿಟಲ್ ನರದ ಬ್ಲಾಕ್. ಇನ್ನೊಂದು, ಮೂಗಿನ ಮೂಲಕ ಮಾಡುವ ಸ್ಫೀನೊಪ್ಯಾಲಟೈನ್ ಗ್ಯಾಂಗ್ಲಿಯನ್ ಬ್ಲಾಕ್.

ಮೂಗಿನದ್ದಕ್ಕೆ ಸೂಜಿಯೇ ಬೇಡ, ಉದ್ದ ಕಡ್ಡಿಯ ತುದಿಗೆ ಸುತ್ತಿದ ಹತ್ತಿ ಸಾಕು. ಅದಕ್ಕೇ ಜನಪ್ರಿಯವಾಯಿತು. ಆದರೆ 2020ರಲ್ಲಿ ಪ್ರಕಟವಾದ ಒಂದು ಯಾದೃಚ್ಛಿಕ ಪ್ರಯೋಗದಲ್ಲಿ ಮರಗಟ್ಟಿಸುವ ಔಷಧಿ ಹಾಕಿದವರಿಗೂ ಬರೀ ಸಲೈನ್ ಹಾಕಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಎರಡೂ ಗುಂಪಿನಲ್ಲಿ ನೋವು ಇಳಿದಿತ್ತು. 2023ರಲ್ಲಿ ಹಲವು ದೇಶಗಳ ಅರಿವಳಿಕೆ ಮತ್ತು ನೋವು ಚಿಕಿತ್ಸಾ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿಯೂ ಇದನ್ನು ವಾಡಿಕೆಯಾಗಿ ಮಾಡಲು ಆಧಾರ ಸಾಲದು ಎನ್ನುತ್ತದೆ. ಅದೇ ಮಾರ್ಗಸೂಚಿ ಹಿಂದಲೆಯ ಬ್ಲಾಕ್ ಬಗ್ಗೆ ತುಸು ಮೆದು: ತೆಳು ಸೂಜಿಯ ಸ್ಪೈನಲ್ ನಂತರದ ತಲೆನೋವಿಗೆ ಕೊಡಬಹುದು, ಆದರೆ ಸಾಕಷ್ಟು ಜನರಲ್ಲಿ ನೋವು ಮರಳುತ್ತದೆ, ತೀವ್ರ ನೋವಿನವರಿಗೆ ಕೊನೆಗೆ ಬ್ಲಡ್ ಪ್ಯಾಚ್ (ರೋಗಿಯದೇ ರಕ್ತವನ್ನು ಬೆನ್ನಿಗೆ ಹಾಕುವ ಚಿಕಿತ್ಸೆ, ವಿವರ ಹಂತ 10ರಲ್ಲಿ) ಬೇಕಾಗುವ ಸಂಭವ ಹೆಚ್ಚು. ನಾನೂ ಮೊದಲು ಹಿಂದಲೆಯನ್ನೇ ಆರಿಸುವವನು. ಮುಂದಿನ ಹಂತಗಳು ಅದರವೇ.

ನೋವು ಹಣೆಯಲ್ಲಿದ್ದಾಗ ಹಿಂದಲೆಗೆ ಯಾಕೆ ಚುಚ್ಚುವುದು ಎಂದು ರೋಗಿ ಕೇಳಿಯೇ ಕೇಳುತ್ತಾರೆ. ಈ ನರ ಕತ್ತಿನ ಎರಡನೆಯ ನರವಾದ ಸಿ2ರ ಹಿಂಗವಲಿನಿಂದ ಬರುತ್ತದೆ. ಕತ್ತಿನ ಮೇಲ್ಭಾಗದ ನರಗಳೂ ಮುಖದ ಟ್ರೈಜೆಮಿನಲ್ ನರವೂ ನೋವಿನ ಸುದ್ದಿಯನ್ನು ಒಯ್ಯುವುದು ಮಿದುಳಿನ ಕಾಂಡದ ಕೆಳಭಾಗದ ಒಂದೇ ಕೇಂದ್ರಕ್ಕೆ. ಹಿಂದಿನಿಂದ ಬರುವ ಸದ್ದು ಅಡಗಿಸಿದರೆ ಕೇಂದ್ರದ ಒಟ್ಟಾರೆ ಗದ್ದಲವೇ ಇಳಿಯುತ್ತದೆ.

ಯಾರಿಗೆ ಬೇಡ? ಔಷಧಿಗೆ ಅಲರ್ಜಿ ಇರುವವರಿಗೆ, ಚುಚ್ಚುವ ಜಾಗದಲ್ಲಿ ಸೋಂಕಿರುವವರಿಗೆ, ಒಪ್ಪದವರಿಗೆ. ತಲೆಯ ಹಿಂಭಾಗದಲ್ಲಿ ಹಿಂದೆ ಶಸ್ತ್ರಚಿಕಿತ್ಸೆಯಾಗಿ ಬುರುಡೆಯಲ್ಲಿ ಮೂಳೆ ಇಲ್ಲದ ಜಾಗ ಇರುವವರಿಗೆ ಖಂಡಿತ ಬೇಡ. ಸೂಜಿ ನೇರ ಒಳಗೇ ಹೋದೀತು. ಕೂದಲು ಸರಿಸಿ ಹಳೆಯ ಗಾಯದ ಗುರುತು ಹುಡುಕಲು ಅರ್ಧ ನಿಮಿಷ ಸಾಕು. ರಕ್ತ ತೆಳುವಾಗಿಸುವ ಔಷಧಿಯಲ್ಲಿರುವವರಿಗೆ ಪೂರ್ತಿ ನಿಷಿದ್ಧವಲ್ಲ, ಇದು ಒತ್ತಿ ಹಿಡಿಯಬಹುದಾದ ಜಾಗ. ಆದರೂ ಹಿರಿಯರನ್ನು ಕೇಳಿ ಮುಂದುವರಿಯಿರಿ.

## ಹಂತ 5: ಟ್ರೇ ಜೋಡಿಸಿಕೊಳ್ಳಿ

ಬೇಕಾದವು: 5 ಮಿ.ಲೀ. ಸಿರಿಂಜ್ ಎರಡು, ಔಷಧಿ ಎಳೆಯಲು ಒಂದು ದೊಡ್ಡ ಸೂಜಿ, ಚುಚ್ಚಲು 25 ಅಥವಾ 26 ಗೇಜಿನ ಒಂದರಿಂದ ಒಂದೂವರೆ ಇಂಚಿನ ಸೂಜಿ, ಚರ್ಮ ಶುದ್ಧಿಗೆ ಕ್ಲೋರ್‌ಹೆಕ್ಸಿಡಿನ್ ಸ್ಪಿರಿಟ್, ಗ್ಲೌಸ್, ಗಾಜ್, ಗುರುತು ಹಾಕಲು ಸ್ಕಿನ್ ಮಾರ್ಕರ್, ಕೂದಲು ಸರಿಸಿ ಹಿಡಿಯಲು ಪೇಪರ್ ಟೇಪ್. ಕೂದಲು ಬೋಳಿಸುವ ಅಗತ್ಯವಿಲ್ಲ.

ಮರಗಟ್ಟಿಸುವ ಔಷಧಿ: 0.5% ಬುಪಿವಕೇನ್ 3 ಮಿ.ಲೀ. ಮತ್ತು 2% ಲಿಗ್ನೋಕೇನ್ 3 ಮಿ.ಲೀ. ಬೆರೆಸಿ, ಒಂದೊಂದು ಸಿರಿಂಜಿನಲ್ಲಿ 3 ಮಿ.ಲೀ. ಇಟ್ಟುಕೊಂಡರೆ ಎರಡೂ ಕಡೆಗೆ ಆಯಿತು. ಒಟ್ಟು 15 ಮಿ.ಗ್ರಾಂ. ಬುಪಿವಕೇನ್, 60 ಮಿ.ಗ್ರಾಂ. ಲಿಗ್ನೋಕೇನ್. ಸಾಮಾನ್ಯ ತೂಕದ ವಯಸ್ಕರಿಗೆ ಇದು ಗರಿಷ್ಠ ಮಿತಿಗಿಂತ ಎಷ್ಟೋ ಕೆಳಗೆ. ಆದರೂ ಅಂದೇ ಗಾಯಕ್ಕೆ, ಎಪಿಡ್ಯೂರಲ್‌ಗೆ ಅಥವಾ ಹೊಟ್ಟೆಯ ಗೋಡೆಯ ಬ್ಲಾಕ್‌ಗೆ ಇದೇ ಜಾತಿಯ ಔಷಧಿ ಹೋಗಿದೆಯೇ ಎಂದು ಚಾರ್ಟ್ ನೋಡಿ, ಕೂಡಿಸಿ ಲೆಕ್ಕ ಹಾಕಿ.

ಇಲ್ಲಿ ಒಂದು ಎಚ್ಚರ. ಸ್ಪೈನಲ್ ಟ್ರೇಯ ಪಕ್ಕದಲ್ಲೇ ಇರುವ, "ಹೆವಿ" ಎಂದು ಅಚ್ಚಾದ ಪುಟ್ಟ ಆಂಪೂಲ್ ಕೂಡ 0.5% ಬುಪಿವಕೇನೇ. ಅದರಲ್ಲಿ ಡೆಕ್ಸ್‌ಟ್ರೋಸ್ ಬೆರೆತಿರುತ್ತದೆ, ಅದು ಬೆನ್ನುಹುರಿಯ ದ್ರವದೊಳಗೆ ಹಾಕಲು ಮಾಡಿದ್ದು. ನಿಮಗೆ ಬೇಕಾದ್ದು ಪ್ಲೇನ್. ಆಂಪೂಲ್ ಒಡೆಯುವ ಮೊದಲು ಲೇಬಲನ್ನು ಗಟ್ಟಿಯಾಗಿ ಓದಿ, ನರ್ಸ್ ಕೇಳಿಸಿಕೊಂಡು ಹೌದು ಎನ್ನಲಿ. ಸಿರಿಂಜಿನ ಮೇಲೆ ಹೆಸರು ಬರೆದ ಪಟ್ಟಿ ಅಂಟಿಸದೆ ಟ್ರೇಯಲ್ಲಿ ಇಡಬೇಡಿ.

ಕೆಲವರು ಒಟ್ಟು 4 ಮಿ.ಗ್ರಾಂ. ಡೆಕ್ಸಾಮೆಥಸೋನ್ ಸೇರಿಸುತ್ತಾರೆ. ಸೇರಿಸಲೇಬೇಕೆಂದಿಲ್ಲ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಏರೀತು. ಟ್ರಯಾಮ್ಸಿನೊಲೋನ್‌ನಂಥ ಕಣಗಳಿರುವ ಸ್ಟೀರಾಯ್ಡ್ ಮಾತ್ರ ಬೇಡ, ಚುಚ್ಚಿದಲ್ಲಿ ಕೂದಲು ಉದುರುತ್ತದೆ, ಚರ್ಮ ಗುಳಿಬೀಳುತ್ತದೆ.

ಇಷ್ಟು ಸಣ್ಣ ಬ್ಲಾಕ್‌ಗೆ ಮಾನಿಟರ್ ಯಾಕೆ ಎನ್ನಬೇಡಿ. ಕೈಯಲ್ಲಿ ಕ್ಯಾನುಲಾ, ಬಿಪಿ, ಇಸಿಜಿ, ಆಕ್ಸಿಜನ್ ಪ್ರೋಬ್ ಇರಲಿ. ಆಕ್ಸಿಜನ್, ಫಿಟ್ಸ್ ನಿಲ್ಲಿಸುವ ಔಷಧಿ, 20% ಲಿಪಿಡ್ ಎಮಲ್ಷನ್ (ಮರಗಟ್ಟಿಸುವ ಔಷಧಿ ವಿಷವಾದಾಗ ಕೊಡುವ ಕೊಬ್ಬಿನ ದ್ರಾವಣ) ಎಲ್ಲಿವೆ ಎಂದು ತಿಳಿದಿರಲಿ. ತಲೆಯ ಚರ್ಮದಲ್ಲಿ ರಕ್ತನಾಳಗಳು ಒತ್ತೊತ್ತಾಗಿವೆ, ಔಷಧಿ ರಕ್ತಕ್ಕೆ ಸೇರಿ ವಿಷವಾಗಬಹುದು.

## ಹಂತ 6: ಮಾತು, ಒಪ್ಪಿಗೆ, ಭಂಗಿ

ರೋಗಿಗೆ ಮೂರು ವಿಷಯ ಹೇಳಿ. ಇದು ನೋವು ತಗ್ಗಿಸುವುದಕ್ಕೆ, ತೂತು ಮುಚ್ಚುವುದಕ್ಕಲ್ಲ. ನೋವು ಮರಳಬಹುದು, ಮರಳಿದರೆ ಬೇರೆ ದಾರಿ ಇದೆ. ತಲೆಯ ಹಿಂಭಾಗ ಕೆಲವು ಗಂಟೆ ಜೋಮು ಹಿಡಿದಿರುತ್ತದೆ. ಹೀಗೆ ಹೇಳಿಸಿಕೊಂಡವರು ರಾತ್ರಿ ನೋವು ಬಂದಾಗ ಗಾಬರಿಯಾಗುವುದಿಲ್ಲ, ಕರೆ ಮಾಡುತ್ತಾರೆ.

ಇದೇ ಹೊತ್ತಿನಲ್ಲಿ ಕಿವಿಯ ಬಗ್ಗೆ ಕೇಳಿ ಬರೆದಿಡಿ. ಕಿವಿ ಗುಂಯ್‌ಗುಡುವುದು ಈ ತಲೆನೋವಿನ ಲಕ್ಷಣವೂ ಹೌದು, ಔಷಧಿ ರಕ್ತಕ್ಕೆ ಸೇರಿ ವಿಷವಾಗುತ್ತಿರುವುದರ ಮೊದಲ ಸೂಚನೆಯೂ ಹೌದು. ಮೊದಲೇ ಇತ್ತೋ ಇಲ್ಲವೋ ಗೊತ್ತಿಲ್ಲದಿದ್ದರೆ ಬ್ಲಾಕ್ ನಂತರ ರೋಗಿ "ಕಿವಿಯಲ್ಲಿ ಸದ್ದು" ಎಂದಾಗ ನೀವು ಪೇಚಿಗೆ ಸಿಕ್ಕಿಕೊಳ್ಳುತ್ತೀರಿ.

ಭಂಗಿಯ ವಿಷಯಕ್ಕೆ ಬಂದರೆ, ಎಲ್ಲ ಚಿತ್ರಗಳಲ್ಲೂ ರೋಗಿ ಕೂತು ಮೇಜಿನ ಮೇಲಿನ ದಿಂಬಿಗೆ ಹಣೆಯಿಟ್ಟಿರುತ್ತಾರೆ. ಮೈಗ್ರೇನ್ ರೋಗಿಗೆ ಅದು ಸರಿ. ಕೂತರೆ ಸಾಯುವಷ್ಟು ನೋವೆನ್ನುವ ಈ ರೋಗಿಯನ್ನು ಹತ್ತು ನಿಮಿಷ ಹಾಗೆ ಕೂರಿಸಿದರೆ ವಾಂತಿ ಮಾಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಕೆಲವೊಮ್ಮೆ ಕಣ್ಣು ಕತ್ತಲಿಟ್ಟು ಬೀಳುತ್ತಾರೆ. ಕವುಚಿ ಮಲಗಿಸಿ, ಎದೆಯ ಕೆಳಗೆ ದಿಂಬಿಟ್ಟು ಗದ್ದ ಒಳಕ್ಕೆಳೆದುಕೊಳ್ಳಲು ಹೇಳಿ. ಸಿಸೇರಿಯನ್ ಗಾಯವಿದ್ದು ಕವುಚಲು ಆಗದವರನ್ನು ಪಕ್ಕಕ್ಕೆ ಮಲಗಿಸಿ ಮೇಲಿನ ಕಡೆ ಮುಗಿಸಿ, ಆಮೇಲೆ ಮಗ್ಗುಲು ಬದಲಿಸಿ. ತುಸು ಹೊತ್ತು ಹಿಡಿಯುತ್ತದೆ, ಹಿಡಿಯಲಿ.

## ಹಂತ 7: ಜಾಗ ಗುರುತಿಸಿ

ಅವಸರ ಮಾಡದೆ ಬೆರಳಿನಿಂದ ಹುಡುಕಿ. ತಲೆಯ ಹಿಂಭಾಗದ ನಡುಮಧ್ಯದಲ್ಲಿ, ಕತ್ತು ಮುಗಿದು ಬುರುಡೆ ಶುರುವಾಗುವಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತದೆ. ಅಲ್ಲಿ ಒಂದು ಚುಕ್ಕೆ ಇಡಿ. ಕಿವಿಯ ಹಿಂದಿನ ಮಾಸ್ಟಾಯ್ಡ್ ಮೂಳೆಯ ಮೇಲೆ ಇನ್ನೊಂದು. ಎರಡನ್ನೂ ಸೇರಿಸುವ ಗೆರೆಯನ್ನು ಬುರುಡೆಯ ಅಂಚಿನ ಏಣಿನ ಉದ್ದಕ್ಕೂ ಊಹಿಸಿಕೊಳ್ಳಿ. ನಡುವಿನ ಉಬ್ಬಿನಿಂದ ಹೊರಟು ಗೆರೆಯ ಮೂರನೇ ಒಂದು ಭಾಗದಷ್ಟು ದೂರದಲ್ಲಿ, ಸುಮಾರು 2ರಿಂದ 2.5 ಸೆಂ.ಮೀ. ಆಚೆಗೆ, ನರ ಇರುತ್ತದೆ.

ಈಗ ಅಲ್ಲೇ ಬೆರಳಿನ ತುದಿಯನ್ನು ಹಗುರವಾಗಿ ಇಟ್ಟು ಆಕ್ಸಿಪಿಟಲ್ ಅಪಧಮನಿಯ ಮಿಡಿತ ಹುಡುಕಿ. ಗಟ್ಟಿಯಾಗಿ ಒತ್ತಿದರೆ ಮಿಡಿತ ಅಡಗಿಹೋಗುತ್ತದೆ, ಸಿಗದವರು ಹೆಚ್ಚಾಗಿ ಒತ್ತಿ ಹಿಡಿದವರೇ. ಮಿಡಿತ ಸಿಕ್ಕರೆ ನರ ಸಾಮಾನ್ಯವಾಗಿ ಅದರ ಒಳಬದಿಯಲ್ಲಿ, ಅಂದರೆ ನಡುಗೆರೆಯ ಕಡೆಗೆ. ಅಲ್ಲಿ ಒತ್ತಿದಾಗ ರೋಗಿ "ಅದೇ, ಅಲ್ಲೇ" ಎಂದರೆ ಗುರುತು ಇನ್ನೂ ಗಟ್ಟಿ.

ಅಲ್ಟ್ರಾಸೌಂಡ್ ಇದ್ದರೆ ಇದೇ ಜಾಗದಲ್ಲಿ ಅಪಧಮನಿಯನ್ನು ಕಣ್ಣಾರೆ ನೋಡಿ ತಪ್ಪಿಸಬಹುದು. ಇನ್ನೂ ಕೆಳಗೆ, ಸಿ2 ಮಟ್ಟದಲ್ಲಿ ಎರಡು ಸ್ನಾಯುಗಳ ನಡುವೆ ನರವನ್ನು ಹಿಡಿಯುವ ವಿಧಾನವೂ ಇದೆ. ಅಲ್ಲಿ ವರ್ಟಿಬ್ರಲ್ ಅಪಧಮನಿ ಮತ್ತು ಬೆನ್ನುಹುರಿ ಹತ್ತಿರದಲ್ಲೇ ಇರುವುದರಿಂದ ಅಲ್ಟ್ರಾಸೌಂಡ್ ಇಲ್ಲದೆ, ಕಲಿಸುವವರಿಲ್ಲದೆ ಆ ಕಡೆ ಹೋಗಲೇಬಾರದು.

## ಹಂತ 8: ಸೂಜಿ

ಸ್ಪಿರಿಟ್ ಪೂರ್ತಿ ಒಣಗಲಿ. ಕಣ್ಣಿನ ಕಡೆ ಹರಿಯದಂತೆ ಗಾಜ್ ಇಡಿ.

ಸೂಜಿಯ ಮೊನೆ ತುಸು ಮೇಲಕ್ಕೆ, ನೆತ್ತಿಯ ಕಡೆಗೆ ಇರಲಿ. ಕೆಳಕ್ಕೆ, ಕತ್ತಿನ ಕಡೆಗೆ ಯಾವತ್ತೂ ಬೇಡ. ನಿಧಾನವಾಗಿ ಒಳಬಿಟ್ಟು ಮೂಳೆ ಮುಟ್ಟಿಸಿ. ಗಟ್ಟಿ ನೆಲೆ ಸಿಕ್ಕಿದ್ದು ಬೆರಳಿಗೆ ತಿಳಿಯುತ್ತದೆ. ಅಲ್ಲಿಂದ ಒಂದೆರಡು ಮಿಲಿಮೀಟರ್ ಹಿಂದೆ ಬನ್ನಿ. ಪಿಸ್ಟನ್ ಹಿಂದೆಳೆದು ರಕ್ತ ಬರುತ್ತದೆಯೇ ನೋಡಿ. ಬರದಿದ್ದರೆ 1 ಮಿ.ಲೀ. ಹಾಕಿ, ಮತ್ತೆ ಹಿಂದೆಳೆದು ನೋಡಿ, ಸೂಜಿಯನ್ನು ಚರ್ಮದಡಿಯವರೆಗೆ ತಂದು ಒಳಬದಿಗೆ ತಿರುಗಿಸಿ 1 ಮಿ.ಲೀ., ಹೊರಬದಿಗೆ ತಿರುಗಿಸಿ 1 ಮಿ.ಲೀ. ಹೀಗೆ ಬೀಸಣಿಗೆಯಂತೆ ಹರಡಿದರೆ ನರ ತುಸು ಆಚೀಚೆ ಇದ್ದರೂ ಔಷಧಿ ಅದನ್ನು ಮುಟ್ಟುತ್ತದೆ.

ಮೂರು ಸಂದರ್ಭಗಳಲ್ಲಿ ಕೈ ನಿಲ್ಲಬೇಕು.

ಸೂಜಿ ಎರಡು ಸೆಂಟಿಮೀಟರ್ ಒಳಗೆ ಹೋಗಿಯೂ ಮೂಳೆ ಸಿಗದಿದ್ದರೆ ನೀವು ಗೆರೆಗಿಂತ ಕೆಳಗೆ, ಕತ್ತಿನ ಸ್ನಾಯುವಿನಲ್ಲಿದ್ದೀರಿ. "ಇನ್ನೊಂದು ಚೂರು" ಎಂದು ಒತ್ತಬೇಡಿ. ಪೂರ್ತಿ ತೆಗೆದು ಉಬ್ಬನ್ನು ಮತ್ತೆ ಹುಡುಕಿ.

ರಕ್ತ ಬಂದರೆ ಸೂಜಿ ತೆಗೆದು ಒತ್ತಿ ಹಿಡಿದು, ಒಳಬದಿಗೆ ಸರಿದು ಹೊಸದಾಗಿ ಚುಚ್ಚಿ.

ತಲೆಯ ಮೇಲಕ್ಕೆ ಕರೆಂಟ್ ಹೊಡೆದಂತೆ ಆಯಿತೆಂದರೆ ನರ ಪಕ್ಕದಲ್ಲೇ ಇದೆ, ಒಳ್ಳೆಯದೇ. ಆದರೆ ಔಷಧಿ ಒತ್ತುವಾಗ ಆ ನೋವು ತೀವ್ರವಾದರೆ ಮೊನೆ ನರದೊಳಗಿರಬಹುದು, ತುಸು ಹಿಂದೆ ಬನ್ನಿ.

ಔಷಧಿ ಹಾಕುತ್ತಿರುವಷ್ಟು ಹೊತ್ತೂ ರೋಗಿಯನ್ನು ಮಾತಾಡಿಸುತ್ತಿರಿ. ತುಟಿಯ ಸುತ್ತ ಜುಮುಜುಮು, ಬಾಯಲ್ಲಿ ಲೋಹದ ರುಚಿ, ಹೊಸದಾಗಿ ಕಿವಿಯಲ್ಲಿ ಸದ್ದು, ತಬ್ಬಿಬ್ಬು ಮಾತು, ಇವುಗಳಲ್ಲಿ ಒಂದು ಕಂಡರೂ ತಕ್ಷಣ ನಿಲ್ಲಿಸಿ ಸಹಾಯಕ್ಕೆ ಕೂಗಿ. ಆಕ್ಸಿಜನ್ ಕೊಡಿ, ಫಿಟ್ಸ್ ಬಂದರೆ ನಿಲ್ಲಿಸಿ. ಸ್ಥಿತಿ ಬಿಗಡಾಯಿಸುತ್ತಿದ್ದರೆ ಲಿಪಿಡ್ ಎಮಲ್ಷನ್ ಕಿಲೋಗೆ 1.5 ಮಿ.ಲೀ. ಲೆಕ್ಕದಲ್ಲಿ ಮೊದಲ ಡೋಸ್, ಆಮೇಲೆ ಇನ್ಫ್ಯೂಷನ್.

ಎಲ್ಲ ಸರಿಹೋದರೆ ಗಾಜ್ ಇಟ್ಟು ಎರಡು-ಮೂರು ನಿಮಿಷ ಒತ್ತಿ ಹಿಡಿಯಿರಿ. ರಕ್ತ ನಿಲ್ಲುವುದರ ಜೊತೆಗೆ ಔಷಧಿಯೂ ಹರಡುತ್ತದೆ. ಆಮೇಲೆ ಇನ್ನೊಂದು ಕಡೆ. ನೋವು ಒಂದೇ ಬದಿಗೆ ಹೆಚ್ಚು ಎಂದರೂ ಈ ತಲೆನೋವಿನಲ್ಲಿ ಎರಡೂ ಕಡೆ ಕೊಡುವುದು ರೂಢಿ.

## ಹಂತ 9: ಮೊದಲು ಜೋಮು ನೋಡಿ, ಆಮೇಲೆ ಕೂರಿಸಿ

ಹದಿನೈದು ನಿಮಿಷದ ನಂತರ ಸ್ಪಿರಿಟ್ ಅದ್ದಿದ ಹತ್ತಿಯನ್ನು ಹಣೆಗೆ ಮುಟ್ಟಿಸಿ, ಆಮೇಲೆ ಹಿಂದಲೆಯಿಂದ ನೆತ್ತಿಯವರೆಗೆ ಕೂದಲ ಸಾಲು ಬಿಡಿಸಿ ಮುಟ್ಟಿಸಿ. ಹಣೆಯಲ್ಲಿ ತಣ್ಣಗೆ, ಹಿಂದೆ ತಣ್ಣಗಿಲ್ಲ ಎಂದರೆ ಬ್ಲಾಕ್ ಕೂತಿದೆ.

ಈಗ ಕೂರಿಸಿ. ಹಂತ 1ರಲ್ಲಿ ಕಾದಷ್ಟೇ ಹೊತ್ತು ಕಾಯಿರಿ, ಅದೇ ಪ್ರಶ್ನೆ ಕೇಳಿ. ಆಮೇಲೆ ನಿಲ್ಲಿಸಿ, ನರ್ಸ್ ಕೈಹಿಡಿದು ನಾಲ್ಕು ಹೆಜ್ಜೆ ನಡೆಸಲಿ. ಮಲಗಿರುವಾಗಲೇ "ಹೇಗಿದೆ?" ಎಂದು ಕೇಳಿ "ಪರವಾಗಿಲ್ಲ" ಎಂಬ ಉತ್ತರ ಬರೆದುಕೊಂಡು ಹೋಗುವವರಿದ್ದಾರೆ. ಮಲಗಿದರೆ ಇದು ಬ್ಲಾಕ್ ಇಲ್ಲದೆಯೂ ಪರವಾಗಿಲ್ಲದ ತಲೆನೋವು.

ಇಲ್ಲಿಂದ ದಾರಿ ಕವಲೊಡೆಯುತ್ತದೆ. ಜೋಮೂ ಇಲ್ಲ, ನೋವೂ ಹೋಗಿಲ್ಲ ಎಂದರೆ ಔಷಧಿ ನರಕ್ಕೆ ತಲುಪಿಲ್ಲ. ಔಷಧಿಯ ಮಿತಿ ಲೆಕ್ಕ ಹಾಕಿ ಮತ್ತೊಮ್ಮೆ ಕೊಡಬಹುದು, ಇದನ್ನು ಬ್ಲಾಕ್‌ನ ಸೋಲೆಂದು ಎಣಿಸಬೇಡಿ. ಜೋಮು ಚೆನ್ನಾಗಿದೆ, ಕೂತರೆ ನೋವು ಅಷ್ಟೇ ಇದೆ ಎಂದರೆ ನಿಜವಾಗಿ ಬ್ಲಾಕ್ ಫಲಿಸಿಲ್ಲ. ಅದೇ ಔಷಧಿಯನ್ನು ಅದೇ ಜಾಗಕ್ಕೆ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ, ಹಂತ 2ಕ್ಕೆ ಮರಳಿ ರೋಗನಿರ್ಣಯವನ್ನು ಇನ್ನೊಮ್ಮೆ ಪರಿಶೀಲಿಸಿ, ಬ್ಲಡ್ ಪ್ಯಾಚ್ ಚರ್ಚೆ ಶುರುಮಾಡಿ.

ಅರ್ಧ ಗಂಟೆ ಮಾನಿಟರ್ ತೆಗೆಯಬೇಡಿ. ಜೋಮು ಬಿಡುವವರೆಗೆ ಹಿಂದಲೆಗೆ ಬಿಸಿ ಶಾಖ, ಹೇರ್ ಡ್ರೈಯರ್ ಬೇಡ ಎಂದು ಹೇಳಿ, ಸುಟ್ಟರೂ ಗೊತ್ತಾಗುವುದಿಲ್ಲ. ಹಾಲೂಡಿಸುವುದನ್ನು ನಿಲ್ಲಿಸಬೇಕಾಗಿಲ್ಲ.

## ಮೂಗಿನ ಬ್ಲಾಕ್ ಮಾಡಲೇಬೇಕಾದರೆ

ಸೂಜಿ ಒಪ್ಪದ ರೋಗಿಗೆ, ಮೇಲೆ ಹೇಳಿದ ಮಿತಿಗಳನ್ನು ತಿಳಿಸಿ, ಕೆಲವರು ಇದನ್ನು ಮಾಡುತ್ತಾರೆ. ಅಂಗಾತ ಮಲಗಿಸಿ, ಭುಜದ ಕೆಳಗೆ ಮಡಿಸಿದ ಬಟ್ಟೆಯಿಟ್ಟು ಕತ್ತು ಹಿಂದಕ್ಕೆ ಬಾಗಿಸಿ. ಲಿಗ್ನೋಕೇನಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಮೂಗಿನ ತಳಕ್ಕೆ ಸಮಾನಾಂತರವಾಗಿ, ನಡುವಿನ ಟರ್ಬಿನೇಟ್ ಮೂಳೆಯ ಹಿಂಬದಿಯ ತನಕ ನಿಧಾನವಾಗಿ ಸರಿಸಿ, ಹಿಂಗೋಡೆ ತಗುಲಿದಾಗ ನಿಲ್ಲಿಸಿ. ಎರಡೂ ಹೊಳ್ಳೆಗಳಲ್ಲಿ ಹತ್ತರಿಂದ ಇಪ್ಪತ್ತು ನಿಮಿಷ ಬಿಡಿ. ತಡೆ ಸಿಕ್ಕರೆ ತಳ್ಳಬೇಡಿ, ರಕ್ತ ಸುರಿಯುತ್ತದೆ. ಬುರುಡೆಯ ತಳದ ಮೂಳೆ ಮುರಿತ, ರಕ್ತ ಹೆಪ್ಪುಗಟ್ಟದ ತೊಂದರೆ, ಮೂಗಿನಲ್ಲಿ ಪಾಲಿಪ್ ಇರುವವರಿಗೆ ಬೇಡವೇ ಬೇಡ. ಔಷಧಿ ಗಂಟಲಿಗೆ ಇಳಿದು ಕಹಿಯಾಗುತ್ತದೆ, ಗಂಟಲು ಮರಗಟ್ಟುತ್ತದೆ. ಅದು ಬಿಡುವವರೆಗೆ ಊಟ, ನೀರು ಕೊಡಬಾರದು.

## ಹಂತ 10: ಮರುಕಳಿಸಿದಾಗ

ನೋವು ಮರಳುವುದು ಅಪರೂಪವಲ್ಲ. ಬ್ಲಾಕ್‌ನ ಪರಿಣಾಮ ಜೋಮು ಬಿಟ್ಟ ಮೇಲೂ ಉಳಿಯುವುದುಂಟು, ಉಳಿಯದಿರುವುದೂ ಉಂಟು. ಮೊದಲ ಸಲ ಚೆನ್ನಾಗಿ ಫಲಿಸಿ ಮರುದಿನ ನೋವು ಮರಳಿದರೆ, ಮತ್ತು ಮರಳಿದ್ದು ಅದೇ ಸ್ವರೂಪದ ನೋವೇ ಆಗಿದ್ದರೆ, ಇನ್ನೊಮ್ಮೆ ಕೊಡಬಹುದು. ಎರಡು ಸಲದ ಮೇಲೂ ರೋಗಿ ಎದ್ದು ಕೂರಲಾಗದೆ ಇದ್ದರೆ ಮೂರನೆಯದಕ್ಕೆ ಕೈಹಾಕದೆ ಬ್ಲಡ್ ಪ್ಯಾಚ್‌ಗೆ ಕಳಿಸುವುದು ನನ್ನ ಪದ್ಧತಿ. ಒಂದರ ಮೇಲೊಂದು ಬ್ಲಾಕ್ ಕೊಡುತ್ತ ವಾರ ಕಳೆಯುವುದು ರೋಗಿಗೆ ಮಾಡುವ ಉಪಕಾರವಲ್ಲ.

ಎರಡನೇ ಬ್ಲಾಕ್‌ಗೂ ಕಾಯದೆ ಪ್ಯಾಚ್ ಯೋಚಿಸಬೇಕಾದವರೂ ಇದ್ದಾರೆ: ಎಪಿಡ್ಯೂರಲ್ ಸೂಜಿಯಿಂದ ದೊಡ್ಡ ತೂತಾದವರು, ಹೊಸದಾಗಿ ಒಂದು ವಸ್ತು ಎರಡಾಗಿ ಕಾಣುತ್ತಿರುವವರು, ಕಿವಿ ಗಣನೀಯವಾಗಿ ಮಂದವಾದವರು. ಎರಡಾಗಿ ಕಾಣುವುದೆಂದರೆ ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯ ನರ ಜಗ್ಗಿದೆ ಎಂದರ್ಥ, ಅದು ಸರಿಹೋಗಲು ವಾರಗಟ್ಟಲೆ ಹಿಡಿಯಬಹುದು.

ಪ್ಯಾಚ್‌ನಲ್ಲಿ ರೋಗಿಯದೇ ರಕ್ತವನ್ನು, ಸಾಮಾನ್ಯವಾಗಿ 15ರಿಂದ 20 ಮಿ.ಲೀ., ಬೆನ್ನಿನ ಎಪಿಡ್ಯೂರಲ್ ಜಾಗಕ್ಕೆ ಹಾಕುತ್ತಾರೆ. ಬೆನ್ನು ಅಥವಾ ಕಾಲು ನೋಯತೊಡಗಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ತೂತಾದ ಮೊದಲ 48 ಗಂಟೆಯೊಳಗೆ ಮಾಡಿದರೆ ವಿಫಲವಾಗುವುದು ಹೆಚ್ಚು. ಬ್ಲಾಕ್‌ಗಳು ನಿಜವಾಗಿ ಉಪಯೋಗಕ್ಕೆ ಬರುವುದು ಈ ಎರಡು ದಿನ ದಾಟಿಸುವುದಕ್ಕೆ. ಜ್ವರ, ರಕ್ತದಲ್ಲಿ ಸೋಂಕು, ಹೆಪ್ಪುಗಟ್ಟುವಿಕೆಯ ದೋಷ ಇದ್ದವರಿಗೆ ಪ್ಯಾಚ್ ಮಾಡುವಂತಿಲ್ಲ. ಪ್ಯಾಚ್ ಎಂದರೆ ನೂರಕ್ಕೆ ನೂರು ಎಂದೂ ಹೇಳಬೇಡಿ. ಎಪಿಡ್ಯೂರಲ್ ಸೂಜಿಯ ತೂತಿನಲ್ಲಿ ಪೂರ್ತಿಯಾಗಿ, ಶಾಶ್ವತವಾಗಿ ನೋವು ಹೋಗುವುದು ಹೆಚ್ಚೆಂದರೆ ಮೂವರಲ್ಲಿ ಒಬ್ಬರಿಗೆ. ಪೂರ್ತಿಯೋ ಭಾಗಶಃವೋ ಆರಾಮ ಸಿಗುವುದು 50ರಿಂದ 80 ಶೇಕಡಾ ಜನರಿಗೆ.

## ಹಂತ 11: ಮನೆಗೆ ಕಳಿಸುವ ಚೀಟಿ

ನೋವು ಪೂರ್ತಿ ಹೋಗುವವರೆಗೆ ದಿನಕ್ಕೊಮ್ಮೆ ಮಾತಾಡಿಸಿ, ಮನೆಗೆ ಹೋಗಿದ್ದರೆ ಫೋನಿನಲ್ಲಿ. ಹೆಚ್ಚಿನವರಿಗೆ ಎರಡು ವಾರದೊಳಗೆ ಗುಣವಾಗುತ್ತದೆ. ಅದನ್ನು ದಾಟಿದ ತಲೆನೋವನ್ನು "ಹೋಗುತ್ತೆ ಬಿಡಿ" ಎಂದು ತಳ್ಳಿಹಾಕದೆ ನರರೋಗ ತಜ್ಞರಿಗೆ ತೋರಿಸಿ.

ಡಿಸ್ಚಾರ್ಜ್ ಚೀಟಿಯಲ್ಲಿ ಇವಿಷ್ಟು ಇರಲಿ: ಯಾವ ಗೇಜಿನ ಸೂಜಿ, ಎಷ್ಟು ಸಲ ಚುಚ್ಚಿದರು, ಬ್ಲಾಕ್ ಯಾವಾಗ, ಯಾವ ಔಷಧಿ ಎಷ್ಟು, ಮಲಗಿದಾಗ ಮತ್ತು ಕೂತಾಗ ನೋವಿನ ಅಂಕ ಮೊದಲು ಎಷ್ಟಿತ್ತು, ಆಮೇಲೆ ಎಷ್ಟು. ಕೆಳಗೆ, ರೋಗಿ ಓದುವ ಭಾಷೆಯಲ್ಲಿ, ದೊಡ್ಡ ಅಕ್ಷರದಲ್ಲಿ: ಜ್ವರ ಬಂದರೆ, ಮಲಗಿದರೂ ತಲೆನೋವು ಬಿಡದಿದ್ದರೆ, ಫಿಟ್ಸ್ ಬಂದರೆ, ಕೈಕಾಲಿನ ಬಲ ಕುಂದಿದರೆ, ಕಣ್ಣು ಮಂಜಾದರೆ ಅಥವಾ ಎರಡೆರಡಾಗಿ ಕಂಡರೆ, ವಿಪರೀತ ಮಂಪರಾದರೆ, ಮೂತ್ರ ಕಟ್ಟಿದರೆ, ಹಗಲಾಗಲಿ ರಾತ್ರಿಯಾಗಲಿ ತಕ್ಷಣ ಆಸ್ಪತ್ರೆಗೆ ಬನ್ನಿ. ಅದರ ಪಕ್ಕದಲ್ಲೇ, ರಾತ್ರಿಯೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್.